ಎಣಿಸಿಕೊಂಡ ಕೈ

ಕೌನ್ಸಿಲ್ಲಿನವರನ್ನು ಮೊದಲು ಒಂದು ಮಾತು ಕೇಳಿ ಅರ್ಜಿ ಹಾಕುವುದೋ, ಕೇಳದೆ ನೇರವಾಗಿ ಹಾಕಿಬಿಡುವುದೋ ಎಂದು ತೀರ್ಮಾನಿಸಲು ರೂಕ್ ಕ್ಲಬ್ಬಿನವರೆಲ್ಲ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಕೈ ಎತ್ತಿದರು. ಮೆರಿಯಲ್ ಒಬ್ಬಳೇ ಕೈ ಎತ್ತಲಿಲ್ಲ. ಆದರೂ ಅವಳ ಕೈಯನ್ನು ಎಣಿಸಿಕೊಂಡರು.

ಕ್ಲಬ್ಬಿನವರದು ಕಾರ್ನಿವಲ್ ಬಂಡಿ ಕಟ್ಟುವ ಕೆಲಸ. ಸಾಮರ್‌ಸೆಟ್ಟಿನ ಆ ತಗ್ಗು ನಾಡಿನಲ್ಲಿ ನವೆಂಬರ್ ಬಂತೆಂದರೆ ಟ್ರ್ಯಾಕ್ಟರುಗಳ ಹಿಂದೆ ಮನೆಯೆತ್ತರದ ಬಂಡಿಗಳು ಸಾವಿರಾರು ಬಲ್ಬು ಉರಿಸಿಕೊಂಡು ಊರೂರು ಮೆರೆಯುತ್ತವೆ. ಒಂದು ಸಂಜೆ ಬೀದಿ ದಾಟಿ ಹೋಗುವ ಬಂಡಿಗಾಗಿ ಜನ ವರ್ಷವಿಡೀ ಶೆಡ್ಡಿನಲ್ಲಿ ಬೆವರು ಸುರಿಸುತ್ತಾರೆ. ಪ್ರತಿ ಕ್ಲಬ್ಬಿನ ಬಂಡಿಗೂ ಆ ವರ್ಷಕ್ಕೆಂದು ಒಂದು ವಿಷಯ, ಅದಕ್ಕೆ ತಕ್ಕ ಹಾಡು ಇರುತ್ತದೆ. ಬಂಡಿ ಬೀದಿಗೆ ಬರುವ ತನಕ ಅದನ್ನು ಹೆಂಡತಿ ತವರಿನಲ್ಲಿ ಹೇಳಬಾರದು, ಗಂಡ ಕುಡಿದಾಗ ಬಾಯಿಬಿಡಬಾರದು. ಆ ವರ್ಷ ರೂಕ್ ಕ್ಲಬ್ಬಿನ ವಿಷಯ ಸಮುದ್ರದ ತಳದಲ್ಲಿ ಮದುವೆ. ಆಕ್ಟೋಪಸ್ ಪಾದ್ರಿ, ಏಡಿಗಳ ವಾದ್ಯಮೇಳ, ಮದುಮಗಳು ಹಾವುಮೀನು.

ಈ ಎಲ್ಲರ ಮುಖ ಮಾಡುವವಳು ಮೆರಿಯಲ್. ಬೆಳಿಗ್ಗೆ ಹೊತ್ತು ಬೇಕರಿಯಲ್ಲಿ ಬ್ರೆಡ್ ಮಾರುತ್ತಿದ್ದಳು, ಸಂಜೆ ಶೆಡ್ಡಿನಲ್ಲಿ ಕೂತು ಕಾಗದ, ಅಂಟು, ತಂತಿಗಳಿಂದ ಮುಖ ಕಟ್ಟುತ್ತಿದ್ದಳು. ಹದಿನಾರಕ್ಕೇ ಶಾಲೆ ಬಿಟ್ಟವಳು. ನಾಲ್ಕು ಜನರಿದ್ದ ಕಡೆ ಅವಳ ನಾಲಿಗೆ ಮೇಲೇಳುತ್ತಿರಲಿಲ್ಲ, ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಬೇಕರಿಗೆ ಬಂದವರ ಹುಬ್ಬು, ದವಡೆ, ಮೂಗಿನ ಹೊಳ್ಳೆ ನೋಡಿಕೊಂಡು ಬಂದು ಏಡಿಗೆ ಅಂಟಿಸುತ್ತಿದ್ದಳು. ಆ ಶೆಡ್ಡಿನಲ್ಲಿ ಅವಳನ್ನು ಯಾರೂ ಮಾತಾಡು ಎನ್ನುತ್ತಿರಲಿಲ್ಲ. ಅಂಥ ಜಾಗ ಅವಳಿಗೆ ಲೋಕದಲ್ಲಿ ಇನ್ನೊಂದಿರಲಿಲ್ಲ.

ಈಗ ಆ ಶೆಡ್ಡೇ ಕೈತಪ್ಪುತ್ತಿತ್ತು. ಶೆಡ್ಡಿನ ಒಡೆಯನಾದ ರೈತನಿಗೆ ಅದು ಮಗನ ಹಸುಗಳಿಗೆ ಬೇಕಾಗಿತ್ತು. ಜೂನಿನ ಹುಲ್ಲು ಕೊಯ್ಲಿನ ಹೊತ್ತಿಗೆ ಖಾಲಿ ಮಾಡಿ ಎಂದಿದ್ದ. ಪಾಪದವನು, ಬದಲಿಗೆ ಹಳ್ಳದ ಪಕ್ಕದ ಸಣ್ಣ ಹೊಲ ಕೊಡುತ್ತೇನೆ, ನಿಮ್ಮದೇ ಶೆಡ್ ಕಟ್ಟಿಕೊಳ್ಳಿ ಎಂದೂ ಹೇಳಿದ್ದ. ಕಟ್ಟಬೇಕಾದರೆ ಕೌನ್ಸಿಲ್ಲಿನ ಪರವಾನಗಿ ಬೇಕು.

ಸಭೆ ಸೇರಿದ್ದು ಪಬ್ಬಿನ ಹಿಂದಿನ ಉದ್ದ ಕೋಣೆಯಲ್ಲಿ. ಮರದ ಗೂಟಗಳಿಗೆ ಚೆಂಡುರುಳಿಸುವ ಆಟ ನಡೆಯುವ ಕೋಣೆ ಅದು. ಗೂಟಗಳನ್ನು ಮೂಲೆಗೆ ಒಟ್ಟಿ ಬೆಂಚು ಹಾಕಿದ್ದರು. ಮುಂದೆ ಕೂತವನು ಡೆನ್‌ಜಿಲ್ ಹೆಂಬ್ರೋ, ಕ್ಲಬ್ಬಿನ ಕ್ಯಾಪ್ಟನ್. ಮೆರಿಯಲ್‌ಗೆ ಸೋದರಮಾವ. ಅವನ ಅಪ್ಪನೂ ಕ್ಯಾಪ್ಟನ್ ಆಗಿದ್ದವನೇ.

ಕೇಳಿಯೇ ಅರ್ಜಿ ಹಾಕೋಣ ಎಂದವನು ಸೆಡ್ರಿಕ್ ಟ್ರ್ಯಾಟ್. ಗಾರೆ ಕೆಲಸ ಮಾಡಿ ಮಾಡಿ ಬೆನ್ನು ಬಗ್ಗಿದ ಮುದುಕ. ಕೌನ್ಸಿಲ್ಲಿಗೆ ಮೊದಲೇ ಒಂದಿಷ್ಟು ಶುಲ್ಕ ಕಟ್ಟಿದರೆ ಆಫೀಸರು ಬಂದು ಜಾಗ ನೋಡುತ್ತಾರೆ, ಯಾವುದು ನಡೆಯುತ್ತೆ ಯಾವುದು ನಡೆಯಲ್ಲ ಬರೆದುಕೊಡುತ್ತಾರೆ, ಆಮೇಲೆ ಅರ್ಜಿ ಹಾಕಿದರೆ ನೆಲ ಗಟ್ಟಿಯಿರುತ್ತದೆ ಎಂದು ನಿಧಾನಕ್ಕೆ ಹೇಳಿದ. ಡೆನ್‌ಜಿಲ್ ಅದನ್ನು ಒಂದೊಂದಾಗಿ ಕಿತ್ತುಹಾಕಿದ. ಆ ಕಾಗದ ಬರಲು ತಿಂಗಳು ಬೇಕು. ಹುಲ್ಲು ಕೊಯ್ಲು ಕಾಯುವುದಿಲ್ಲ. ಬಂದರೂ ಅದಕ್ಕೆ ಕಟ್ಟುಬಿದ್ದವರು ಯಾರೂ ಇಲ್ಲ. ಇವತ್ತು ಒಂದು ಮೇಜು ಆಯ್ತು ಅಂದದ್ದನ್ನು ನಾಳೆ ಇನ್ನೊಂದು ಮೇಜು ಆಗಲ್ಲ ಅನ್ನಬಹುದು. ಇಷ್ಟೂ ನ್ಯಾಯವಾದ ಮಾತೇ. ಆಮೇಲೆ ಅವನು ನಿಜವಾದ ಕಾರಣಕ್ಕೆ ಬಂದ.

"ಆ ಆಫೀಸರು ಬಂದೋನು ಸುಮ್ನೆ ಹೊಲ ನೋಡ್ಕೊಂಡು ಹೋಗಲ್ಲ ಕಣೋ ಸೆಡ್ರಿಕ್. ಏನ್ ಕೆಲ್ಸ ಮಾಡ್ತೀರಾ ಅಂತಾನೆ. ವೆಲ್ಡಿಂಗ್ ಎಷ್ಟು ಹೊತ್ತು, ಜನರೇಟರ್ ಎಷ್ಟು ಜೋರು ಅಂತಾನೆ. ನಿಮ್ ಹಾಡು ಹಾಕಿ, ಸದ್ದು ಅಳೀತೀನಿ ಅಂತಾನೆ. ಹಾಡು ಕೇಳಿದ್ಮೇಲೆ ಇನ್ನೇನ್ ಉಳೀತು? ಆ ಕಾಗದ ಯಾರ ಮೇಜಿನ ಮೇಲೆ ಹೋಗುತ್ತೆ ಗೊತ್ತಲ್ಲ?"

ಎಲ್ಲರಿಗೂ ಗೊತ್ತಿತ್ತು. ಕೌನ್ಸಿಲ್ಲಿನಲ್ಲಿ ಕಟ್ಟಡದ ಅರ್ಜಿ ತೆಗೆದುಕೊಳ್ಳುವ ಲೋರ್ನಾ ವೌಲ್ಸ್ ಹೆರನ್ ಕ್ಲಬ್ಬಿನವಳು. ಹೆರನ್ ಕ್ಲಬ್ ಇವರ ಬದ್ಧ ವೈರಿ. ಹೋದ ವರ್ಷ ಮೊದಲ ಬಹುಮಾನದ ಕಪ್ ಗೆದ್ದವರೂ ಅವರೇ.

ಡೆನ್‌ಜಿಲ್ ಉಪಾಯ ಹೂಡಿದ್ದ. ಅರ್ಜಿಯಲ್ಲಿ ಹೊಲದ ಟ್ರೇಲರು ನಿಲ್ಲಿಸುವ ಶೆಡ್ ಎಂದಷ್ಟೇ ಬರೆಯುವುದು. ಬಂಡಿ ಕೂತಿರುವುದು ಟ್ರೇಲರಿನ ಮೇಲೆಯೇ ತಾನೆ, ಸುಳ್ಳೇನಿದೆ? ವೆಲ್ಡಿಂಗ್, ಜನರೇಟರ್, ಹಾಡು, ಯಾವುದರ ಸುದ್ದಿಯೂ ಬೇಡ. ಟ್ರೇಲರಿಗೂ ಮದುವೆ ಮಾಡಿಸೋನು ನೀನು ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು.

ಮೆರಿಯಲ್ ನಗಲಿಲ್ಲ. ಹಳ್ಳದ ಹೊಲದ ಎದುರಿಗೆ ಹೊಸ ಮನೆಗಳ ಒಂದು ಸಾಲು ಎದ್ದಿತ್ತು. ಅಲ್ಲಿನವರು ಬೆಳಿಗ್ಗೆ ಬೇಕರಿಗೆ ಬರುತ್ತಿದ್ದರು. ಪಕ್ಕದ ತೋಟದ ಹುಂಜ ಕೂಗುತ್ತದೆ ಎಂದು ಅವರು ಆಗಲೇ ಕೌನ್ಸಿಲ್ಲಿಗೆ ದೂರು ಕೊಟ್ಟಿದ್ದರು. ಅವರಲ್ಲೊಬ್ಬ ಹೆಂಗಸು, ಆ ಹೊಲದಲ್ಲಿ ಏನಾದರೂ ತಲೆಯೆತ್ತಲಿ, ಯಾರಿಗೆ ಫೋನ್ ಮಾಡಬೇಕೋ ನನಗೆ ಗೊತ್ತು ಎಂದಿದ್ದಳು, ಕಾಯಿಬನ್ನು ಆರಿಸುತ್ತ ಬಹಳ ಸಮಾಧಾನದಿಂದ. ಅಂಥವರ ಎದುರು ಬರೀ ಟ್ರೇಲರು ನಿಲ್ಲಿಸುತ್ತೇವೆಂದು ಕಟ್ಟಿ, ಒಳಗೆ ಕಬ್ಬಿಣ ಬಡಿದು ಹಾಡು ಹಾಕಿದರೆ ಎಷ್ಟು ದಿನ ನಡೆದೀತು? ಅಕ್ಟೋಬರಿನಲ್ಲಿ, ಬಂಡಿ ಅರ್ಧ ನಿಂತಿರುವಾಗ ಬಾಗಿಲು ಹಾಕಿಸುತ್ತಾರೆ. ಆಗ ಹೋಗುವುದೆಲ್ಲಿಗೆ? ಹಳೆಯ ಶೆಡ್ಡಿನಲ್ಲಿ ಹಸುಗಳಿರುತ್ತವೆ.

ಇದನ್ನೆಲ್ಲ ಹೇಳಬೇಕೆಂದು ಅವಳಿಗೆ ಗಂಟಲ ತನಕ ಬಂದಿತ್ತು. ಅಷ್ಟರಲ್ಲಿ ಡೆನ್‌ಜಿಲ್, ಕೇಳುವುದು ಬೇಡ ಎನ್ನುವವರು ಕೈ ಎತ್ತಿ ಎಂದ. ಕೇಳೋಣ ಎನ್ನುವವರು ಎತ್ತಿ ಎಂದ. ಅವಳು ಗ್ಲಾಸನ್ನು ನೆಲಕ್ಕಿಟ್ಟು ಕೈ ಬಿಡಿಸಿಕೊಳ್ಳುವುದರೊಳಗೆ ಡೆನ್‌ಜಿಲ್ ಎಣಿಸಿ ಮುಗಿಸಿದ್ದ. ಎರಡೂ ಕಡೆ ಸಮಸಮ. ಅವನು ಬೆಂಚಿನ ತುದಿಗೆ ಒಮ್ಮೆ ಕಣ್ಣು ಹಾಯಿಸಿದ.

"ಮೆರಿಯಲ್ ನಮ್ ಕಡೆ. ಅಲ್ವೇನೇ ಪುಟ್ಟಿ?"

ಉತ್ತರಕ್ಕೆ ಅವನು ಕಾಯಲಿಲ್ಲ. ಆಗಿಹೋಯ್ತು, ಕೇಳೋದು ಬೇಡ ಎಂದು ಮೇಜು ಕುಟ್ಟಿದ. ಅವಳ ಜಡೆಗೆ ಬೆಂಕಿ ಬಿದ್ರೂ ಅವಳು ಬಾಯಿ ಬಿಡೋಳಲ್ಲ ಬಿಡಪ್ಪ ಎಂದು ಬೇವಿಸ್ ಎಂಬವನು ಅಂದ, ಮತ್ತೆ ನಗು. ಸೇಬಿನ ಮದ್ಯವಾದ ಸೈಡರಿನ ಜಗ್ಗು ಸುತ್ತು ಬಂತು. ಮೆರಿಯಲ್ ಕೂತಲ್ಲೇ ಕೂತಿದ್ದಳು. ಕಿವಿ ಕಾದು ಕೆಂಪಾಗಿತ್ತು. ಜನ ನಗುವುದು ಅವಳಿಗೆ ಅಭ್ಯಾಸವಾಗಿತ್ತು. ಆದರೆ ಅವಳ ಕೈಯನ್ನು ಅವಳ ಮೈಯಿಂದ ತೆಗೆದು, ತನ್ನದೆಂಬಂತೆ ಮಾವ ಮೇಲೆತ್ತಿ ತೋರಿಸಿದ್ದ. ಅದೂ ಅವಳ ಶೆಡ್ಡನ್ನೇ ಮುಳುಗಿಸುವುದಕ್ಕೆ.

ಸೋಮವಾರ ಬೇಕರಿಯಲ್ಲಿ ಬ್ರೆಡ್ ಕತ್ತರಿಸುವಾಗ ಆ ಸಿಟ್ಟು ಇತ್ತು. ಮಂಗಳವಾರವೂ ಇತ್ತು. ಎಂದೂ ಹೀಗಾದದ್ದಿಲ್ಲ, ಅವಳ ಸಿಟ್ಟು ಒಂದು ನಿದ್ದೆಗೆ ಇಳಿದುಹೋಗುತ್ತಿತ್ತು. ಈ ಸಲ ಅದು ಒಲೆಯೊಳಗಿನ ಕಲ್ಲಿನ ಹಾಗೆ ಕಾದೇ ಕೂತಿತು. ಬುಧವಾರ ಅರ್ಧ ದಿನ ರಜೆ. ಅವಳು ಏಪ್ರನ್ ಬಿಚ್ಚಿ ಬಸ್ಸು ಹತ್ತಿ ಪಟ್ಟಣದ ಕೌನ್ಸಿಲ್ ಕಚೇರಿಗೆ ಹೋದಳು.

ಲೋರ್ನಾ ವೌಲ್ಸ್ ಗಾಜಿನ ಹಿಂದೆ ಕೂತಿದ್ದಳು. ಕನ್ನಡಕಕ್ಕೆ ಸರ ಕಟ್ಟಿಕೊಂಡ ದಪ್ಪನೆಯ ಹೆಂಗಸು. ಮೆರಿಯಲ್ ಹೆಸರು ಹೇಳಲಿಲ್ಲ. ಒಂದು ಹೊಲ, ಒಂದು ಶೆಡ್, ಟ್ರೇಲರು ನಿಲ್ಲಿಸಲು ಅಂತ ಬರೆದರೆ ಸಾಕೇ ಎಂದು ಕೌಂಟರಿನ ಮೇಲಿದ್ದ ಪೆನ್ನಿಗೆ ಕೇಳಿದಂತೆ ಕೇಳಿದಳು. ಒಳಗೆ ಏನು ಮಾಡುತ್ತೀರಿ ಎಂದಳು ಲೋರ್ನಾ. ಟ್ರೇಲರು ನಿಲ್ಲಿಸುತ್ತೇವೆ. ನಿಲ್ಲಿಸಿ? ಮೆರಿಯಲ್ ಆ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

ಲೋರ್ನಾ, ಸಲಹೆ ಕೊಡುವ ಕೆಲಸ ತನ್ನದಲ್ಲ, ಅದು ಮೇಲಿನ ಆಫೀಸರುಗಳದು ಎಂದಳು. ಆದರೆ ಒಂದು ಸಂಗತಿ ಹೇಳುತ್ತೇನೆ ಎಂದು ಬೇರೊಂದು ಊರಿನ ವಾದ್ಯದವರ ಕತೆ ಹೇಳಿದಳು. ಅವರು ಸಾಮಾನಿಡುವ ಕೋಣೆಯೆಂದು ಪರವಾನಗಿ ಪಡೆದು ಒಳಗೆ ತುತ್ತೂರಿ ಊದಿದರು. ನೆರೆಯವರು ದೂರು ಕೊಟ್ಟರು. ಬರೆದದ್ದೊಂದು ಮಾಡಿದ್ದೊಂದು ಆದ್ದರಿಂದ ಅವರ ಪರವಾಗಿ ಹೇಳಲು ಯಾರಿಗೂ ಏನೂ ಉಳಿದಿರಲಿಲ್ಲ. ಈಗ ಆ ಕೋಣೆಯಲ್ಲಿ ಸಾಮಾನೇ ಇದೆ. ಮೊದಲೇ ಕೇಳಿದ್ದರೆ ಬಾಗಿಲನ್ನು ಇನ್ನೊಂದು ಮಗ್ಗುಲಿಗೆ ಇಡಿ, ಗೋಡೆ ದಪ್ಪ ಮಾಡಿ, ಇಷ್ಟು ಗಂಟೆಗೆ ನಿಲ್ಲಿಸಿ ಅಂತ ಏನೋ ದಾರಿ ಹೇಳುತ್ತಿದ್ದರು. ಕೇಳದವರಿಗೆ ಹೇಳುವುದು ಹೇಗೆ?

ಮೆರಿಯಲ್ ತಲೆಯಾಡಿಸಿದಳು. ಹೊರಡಬೇಕೆಂದು ತಿರುಗಿದವಳು ತಿರುಗಿದ ಹಾಗೇ ನಿಂತಳು.

"ಕೇಳಿದ್ರೆ... ಆ ಕಾಗದ ನೀವು ನೋಡ್ತೀರಾ, ಮಿಸೆಸ್ ವೌಲ್ಸ್?"

ಲೋರ್ನಾ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟಳು. ಮುಖ ಒಮ್ಮೆಲೇ ಗಟ್ಟಿಯಾಯಿತು.

"ಓ. ಹಾಗೋ. ನೀನು ಡೆನ್‌ಜಿಲ್ ಹೆಂಬ್ರೋ ಅಕ್ಕನ ಮಗಳಲ್ವಾ? ನಾನು ಹೆರನ್ ಕ್ಲಬ್ಬಿನೋಳು ಅಂತ ಮೇಲಿನವರಿಗೆ ಬರೆದುಕೊಟ್ಟು ಆ ಕಾಗದ ಕೈಯಲ್ಲೂ ಮುಟ್ಟಲ್ಲ, ಅದು ಇಲ್ಲಿಯ ನಿಯಮ. ಆದ್ರೆ ಮುಟ್ಟಿದ್ರೂ ಏನಂತೆ? ನಿಮ್ದು ಸಮುದ್ರದ್ದು ಅಂತ ನಂಗೆ ಕ್ರಿಸ್ಮಸ್‌ನಿಂದ ಗೊತ್ತು. ನಿಮ್ ಮಾವ ಒಂದೇ ಅಂಗಡೀಲಿ, ಒಂದೇ ದಿನ, ಇದ್ದಬದ್ದ ನೀಲಿ ಬಲೆಬಟ್ಟೆ ಎಲ್ಲ ಬಾಚ್ಕೊಂಡು ಹೋದ. ಆ ಅಂಗಡೀಲಿ ಕೆಲ್ಸ ಮಾಡೋಳು ನನ್ ನಾದಿನಿ."

ಯಾರಾದರೂ ಕೇಳಿಸಿಕೊಂಡರೇ ಎಂದು ಮೆರಿಯಲ್ ಹಿಂದೆ ತಿರುಗಿ ನೋಡಿದಳು.

"ಯಾರಿಗ್ ಹೇಳಿದೀನಿ ಕೇಳು. ನನ್ ಗಂಡಂಗೂ ಹೇಳಿಲ್ಲ. ಈ ಮೇಜಿನ ಮೇಲೆ, ಬೀದಿ ಮೇಲೆ, ಎಷ್ಟು ಕ್ಲಬ್ಬಿನ ವಿಷಯ ಕಿವಿಗೆ ಬಿದ್ದಿಲ್ಲ. ಬಂಡಿ ಕಟ್ಟೋಳು ಇನ್ನೊಬ್ಬರ ಬಂಡಿ ಬಿಚ್ಚಿಡ್ತಾಳಾ? ಅಷ್ಟು ಕೀಳು ಅಂದ್ಕೊಂಡಿದಾನಾ ನನ್ನ? ಹೋಗಿ ಹೇಳು ಅವನಿಗೆ."

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಮೆರಿಯಲ್‌ಗೆ ಬೈಸಿಕೊಂಡ ನಾಚಿಕೆ ಇರಲಿಲ್ಲ. ಲೋರ್ನಾಳ ಸಿಟ್ಟು ತನ್ನದಕ್ಕೆ ಬಂದು ಸೇರಿಕೊಂಡಂತಿತ್ತು. ಮುಚ್ಚಿಡುತ್ತೇವೆಂದು ಇಷ್ಟು ಜನ ಶೆಡ್ಡನ್ನೇ ಪಣಕ್ಕಿಟ್ಟಿದ್ದರು. ಮುಚ್ಚಿದ್ದು ಏನೂ ಇರಲೇ ಇಲ್ಲ.

ಗುರುವಾರ ಸಂಜೆ ಶೆಡ್ಡಿನಲ್ಲಿ ಡೆನ್‌ಜಿಲ್ ಪೇಂಟಿನ ಡಬ್ಬಿಯ ಮೇಲೆ ಕೂತು ಅರ್ಜಿ ತುಂಬುತ್ತಿದ್ದ. ಸೋಮವಾರ ಕಳಿಸುವುದೆಂದು ಹೇಳುತ್ತಿದ್ದ. ಮೆರಿಯಲ್ ಹತ್ತಿರ ಹೋಗಿ, ಟ್ರೇಲರು ಅಂತ ಬರೀಬೇಡ ಮಾವ ಎಂದಳು. ಅವನು ತಲೆಯೆತ್ತದೆ ನಕ್ಕ. ನಾನು ಕೌನ್ಸಿಲ್ಲಿಗೆ ಹೋಗಿದ್ದೆ ಎಂದಾಗ ನಗು ನಿಂತಿತು.

ಅವನು ಕೂಗಾಡುವ ಮನುಷ್ಯನಲ್ಲ. ಆ ದಿನ ಕೂಗಿದ. ಯಾರ ಅಪ್ಪಣೆ ಪಡೆದು ಹೋದೆ ಎಂದ. ಯಾವ ಬಾಯಲ್ಲಿ ಮಾತಾಡಿದೆ, ಇಲ್ಲಿ ಇಷ್ಟು ವರ್ಷ ಬಾಯೇ ಇರಲಿಲ್ಲವಲ್ಲ ಎಂದ. ಹೆರನ್‌ಗಳ ಮನೆಬಾಗಿಲಿಗೆ ಹೋಗಿ ಬಟ್ಟೆ ಬಿಚ್ಚಿ ನಿಂತು ಬಂದಿದೀಯ, ನಿನ್ನ ಅಜ್ಜ ಬದುಕಿದ್ದರೆ ನಿನ್ನನ್ನು ಈ ಶೆಡ್ಡಿನ ಹೊಸಿಲು ತುಳಿಯಲು ಬಿಡುತ್ತಿರಲಿಲ್ಲ ಎಂದ. ಬಲೆಬಟ್ಟೆಯ ಸುದ್ದಿ ಹೇಳಲು ಅವಳು ಎರಡು ಸಲ ಬಾಯಿ ತೆರೆದಳು. ಅವನು ಎರಡು ಸಲವೂ ಕೈಯಡ್ಡ ಮಾಡಿದ. ಭಾನುವಾರ ಸಭೆ ಕರೆಯುತ್ತೇನೆ, ಗುಟ್ಟು ಬಿಟ್ಟುಕೊಟ್ಟವರಿಗೆ ಕ್ಲಬ್ಬಿನಲ್ಲಿ ಜಾಗವುಂಟೋ ಇಲ್ಲವೋ ಅವರೇ ಹೇಳಲಿ ಎಂದು ಅರ್ಜಿಯನ್ನು ಕೋಟಿನೊಳಗೆ ತುರುಕಿಕೊಂಡು ಹೋದ. ಅವಳು ಒಣಗದ ಏಡಿಯ ಮುಖದ ಎದುರು ನಿಂತಳು. ಅದಕ್ಕೆ ಮಾವನ ದವಡೆಯೇ ಇತ್ತು. ಹೆಬ್ಬೆರಳಿನಿಂದ ಒತ್ತಿ ಅದನ್ನು ಅಳಿಸಿಬಿಟ್ಟಳು.

ಭಾನುವಾರ ಆ ಉದ್ದ ಕೋಣೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಡೆನ್‌ಜಿಲ್ ವಿಷಯವನ್ನು ನೇರವಾಗಿಯೇ ಇಟ್ಟ: ತೀರ್ಮಾನವಾದ ಮೇಲೂ ಮೆರಿಯಲ್ ಕೌನ್ಸಿಲ್ಲಿಗೆ ಹೋಗಿದ್ದಾಳೆ, ಲೋರ್ನಾ ವೌಲ್ಸ್ ಜೊತೆ ಮಾತಾಡಿದ್ದಾಳೆ, ಈಗ ನಮ್ಮ ವಿಷಯ ಹೆರನ್‌ಗಳಿಗೆ ಗೊತ್ತು. ಕೋಣೆಯಲ್ಲಿ ಗುಸುಗುಸು ಎದ್ದಿತು. ತನ್ನ ಸ್ವಂತ ಅಕ್ಕನ ಮಗಳೆಂದು ತಾನು ಬಿಡುವವನಲ್ಲ ಎಂದೂ ಅವನು ಸೇರಿಸಿದ. ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಆ ನೀರು.

ಮೆರಿಯಲ್ ಎದ್ದು ನಿಂತಳು. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಳು.

"ಲೋರ್ನಾಗೆ ನಾನು ಹೇಳಿಲ್ಲ. ಅವಳಿಗೆ ಕ್ರಿಸ್ಮಸ್‌ನಿಂದ ಗೊತ್ತು. ನೀಲಿ ಬಲೆಬಟ್ಟೆ ಪೂರ್ತಿ ಒಂದೇ ಅಂಗಡೀಲಿ ತಗೊಂಡೋರು ಯಾರು ಮಾವ? ಅಲ್ಲಿ ಅಳೆದು ಕೊಟ್ಟೋಳು ಅವಳ ನಾದಿನಿ."

ಬೇವಿಸ್ ಗೊರಕೆಯಂಥ ಸದ್ದು ಮಾಡಿ ನಕ್ಕ. ನಗು ಬೆಂಚಿನಿಂದ ಬೆಂಚಿಗೆ ಹತ್ತಿಕೊಂಡಿತು. ಡೆನ್‌ಜಿಲ್ ಕೆಂಪಾದ, ಆಮೇಲೆ ಬಿಳಿಚಿಕೊಂಡ. ಮೆರಿಯಲ್ ನಗು ನಿಲ್ಲುವವರೆಗೂ ನಿಂತೇ ಇದ್ದಳು.

"ನಗ್ಬೇಡಿ. ಗೊತ್ತಿದ್ದೂ ಅವಳು ಯಾರಿಗೂ ಹೇಳಿಲ್ಲ. ಎರಡು ತಿಂಗಳು ನಮ್ಮ ಗುಟ್ಟು ಕಾದಿದಾಳೆ. ನಾವು ಅವಳನ್ನ ಕಳ್ಳಿ ಅಂದ್ಕೊಂಡು ಟ್ರೇಲರು ಅಂತ ಬರೆಯೋಕೆ ಹೊರಟಿದೀವಿ. ಆ ಹೊಸ ಮನೆಯೋರು ಅಕ್ಟೋಬರಲ್ಲಿ ಫೋನ್ ಎತ್ತಿದ್ರೆ ಅವತ್ತೇ ಬಾಗಿಲು ಹಾಕಿಸ್ತಾರೆ. ಬಂಡಿನ ಎಲ್ಲಿ ಇಡ್ತೀರಾ ಆಗ, ನಿಮ್ ಅಡುಗೆಮನೇಲಾ?"

ಅವಳು ಮಾವನ ಕಡೆ ತಿರುಗಿದಳು.

"ಇನ್ನೊಂದು. ನನ್ ಕೈ ನಿಂದಲ್ಲ. ಅವತ್ತು ನಾನು ಎತ್ತಿರ್ಲಿಲ್ಲ, ನೀನು ಎಣಿಸ್ಕೊಂಡೆ. ವಾಪಸ್ ಕೊಡು."

ಸೆಡ್ರಿಕ್ ಟ್ರ್ಯಾಟ್ ಕೋಲೂರಿ ಎದ್ದು, ಹುಡುಗಿ ಸರಿಯಾಗಿ ಹೇಳಿದಳು, ಮತ್ತೊಮ್ಮೆ ಎಣಿಸಿ, ಈ ಸಲ ಎಣಿಸೋನು ಡೆನ್‌ಜಿಲ್ ಬೇಡ ಎಂದ. ಎಣಿಸಿದರು. ಕೇಳೋಣ ಎನ್ನುವ ಕಡೆ ಕೈಗಳು ಹೆಚ್ಚು ಎದ್ದವು, ಬೇವಿಸನದೂ ಇತ್ತು. ಮೆರಿಯಲ್ ತನ್ನದನ್ನು ಕಿವಿಗಿಂತ ಎತ್ತರಕ್ಕೆ ಎತ್ತಿ, ಎಣಿಕೆ ಮುಗಿದ ಮೇಲೂ ಇಳಿಸಲಿಲ್ಲ. ಡೆನ್‌ಜಿಲ್ ಕೋಟಿನಿಂದ ಅರ್ಜಿ ತೆಗೆದು ಬೆಂಚಿನ ಮೇಲಿಟ್ಟು ಹೊರಗೆ ನಡೆದ.

ಅವನ ಹಿಂದೆ ಬಾಗಿಲು ಮುಚ್ಚಿದ್ದೇ ಕೋಣೆ ಹಗುರಾಯಿತು. ಸೈಡರಿನ ಜಗ್ಗು ಬಂತು. ಕೌನ್ಸಿಲ್ಲಿಗೆ ಕಾಗದ ಬರೆಯುವ ಮಾತು ಬಂದಾಗ, ಮೆರಿಯಲ್‌ಗೆ ಈಗ ಬಾಯಿ ಬಂದಿದೆಯಲ್ಲ, ಅವಳೇ ಬರೆಯಲಿ ಎಂದು ಬೇವಿಸ್ ಹೇಳಿದ. ಮೂರು ನಿಮಿಷದ ಹಿಂದೆ ಅವಳನ್ನು ಹೊರಹಾಕಲು ಕೂತಿದ್ದವರು ಈಗ ಅವಳ ಬೆನ್ನು ತಟ್ಟಲು ಬಂದರು. ಅವಳು ಬೆನ್ನು ಸರಿಸಿಕೊಂಡಳು.

ಸೆಡ್ರಿಕ್ ಬರೆಯಲಿ, ತಾನು ಹೇಳುತ್ತೇನೆ ಎಂದಳು. ವೆಲ್ಡಿಂಗ್ ಅಂತ ಬರೆಸಿದಳು, ಜನರೇಟರ್ ಅಂತ ಬರೆಸಿದಳು. ಬೇಸಿಗೆಯಿಂದ ಮುಂದೆ ರಾತ್ರಿ ಒಂಬತ್ತರ ತನಕ ಹಾಡು, ಅದೂ ಜೋರಾಗಿ ಎಂದು ಬರೆಸಿದಳು. ಜೋರಾಗಿ ಅನ್ನೋದು ಬೇಕಾ ಎಂದು ಸೆಡ್ರಿಕ್ ಪೆನ್ನು ಎತ್ತಿ ಕೇಳಿದ. ಬೇಕು ಎಂದಳು. ಎದುರಿಗಿನ ಹೊಸ ಮನೆಗಳ ಸಾಲನ್ನೂ ಬರೆಸಿದಳು. ಮುಗಿದ ಮೇಲೆ ಒಂದೊಂದು ಸಾಲಿಗೂ ಬೆರಳಿಟ್ಟು ಓದಿ, ಮಡಿಸಿ, ಅಂಚೆಚೀಟಿ ಹಚ್ಚಿದ ಲಕೋಟೆಗೆ ಹಾಕಿ ತನ್ನ ಚೀಲದಲ್ಲಿಟ್ಟುಕೊಂಡಳು.

ಹೊರಗೆ ಡೆನ್‌ಜಿಲ್ ಇನ್ನೂ ಹೋಗಿರಲಿಲ್ಲ. ಗಾಡಿಯಲ್ಲಿ ಕೂತು ಕಿಟಕಿ ಇಳಿಸಿದ್ದ. ಭಾನುವಾರದ ಊಟಕ್ಕೆ ಅವಳೂ ಅವಳ ಅಮ್ಮನೂ ಅವನ ಮನೆಗೇ ಹೋಗುತ್ತಿದ್ದದ್ದು.

"ಅವರು ಆಗಲ್ಲ ಅಂದ್ರೆ?" ಎಂದ, ಮುಂದಿನ ಗಾಜನ್ನೇ ನೋಡುತ್ತ.

"ಆಗಲ್ಲ ಅಂದ್ರೆ ಏಪ್ರಿಲಲ್ಲೇ ಗೊತ್ತಾಗುತ್ತೆ. ಬೇರೆ ಹೊಲ ಹುಡುಕೋಕೆ ಟೈಮಿರುತ್ತೆ."

"ನಿನ್ ಅಮ್ಮಂಗೆ ಏನಂತ ಹೇಳ್ಲಿ ನಾನು?"

"ನಡೆದದ್ದನ್ನ ಹೇಳು. ಲೋರ್ನಾಗೂ ನೀನೇ ಹೇಳು, ತಪ್ಪಾಯ್ತು ಅಂತ. ಅದನ್ನ ನಾನು ಹೇಳಲ್ಲ."

ಅವನು ಪಕ್ಕದ ಬಾಗಿಲಿನ ಚಿಲಕ ಎತ್ತಿ ಬಾಗಿಲು ತೆರೆದುಕೊಟ್ಟ. ಹಂದಿಮಾಂಸ ಒಲೆಯಲ್ಲಿದೆ, ಒಣಗಿಹೋಗುತ್ತೆ, ಕೂತ್ಕೋ ಎಂದ. ಅವಳಿಗೆ ಹಸಿವಾಗಿತ್ತು. ಹತ್ತಿದರೆ ಅವನು ಗಾಡಿ ಓಡಿಸುತ್ತ ಏನಾದರೂ ತಮಾಷೆ ಮಾಡುತ್ತಾನೆ, ತಾನು ನಕ್ಕುಬಿಡುತ್ತೇನೆ, ಊಟದ ಹೊತ್ತಿಗೆ ಎಲ್ಲ ಮೊದಲಿನಂತಾಗಿರುತ್ತದೆ ಎಂಬುದೂ ಗೊತ್ತಿತ್ತು. ಕಾಗದ ಇನ್ನೂ ಚೀಲದಲ್ಲಿತ್ತು.

ನಡ್ಕೊಂಡು ಬರ್ತೀನಿ ಎಂದು ಅವಳು ಬಾಗಿಲನ್ನು ಹೊರಗಿನಿಂದ ಮುಚ್ಚಿ, ಅಂಚೆಡಬ್ಬಿಯಿದ್ದ ಕಡೆಯ ದಾರಿ ಹಿಡಿದಳು.